ಗೋಡೆಯಾಚೆಯ ಇಂಜಿನ್

ಸೀಮೆಎಣ್ಣೆಯಲ್ಲಿ ತೊಳೆದ ಕಬ್ಬಿಣಕ್ಕೆ ಒಂದು ವಾಸನೆಯಿದೆ. ಸೀಮೆಎಣ್ಣೆಯೇ ಕಾಣೆಯಾದ ಈ ಕಾಲದಲ್ಲಿ ಅದು ಅಪರೂಪ. ಮೊನ್ನೆ ಸಾರಕ್ಕಿ ಸಿಗ್ನಲ್ಲಿನಲ್ಲಿ ನಾನು ಕೂತಿದ್ದ ಆಟೊ ನಿಂತಾಗ, ಪಕ್ಕದ ಗ್ಯಾರೇಜಿನಲ್ಲಿ ಯಾರೋ ಅಗಲವಾದ ತಟ್ಟೆಯಲ್ಲಿ ಇಂಜಿನ್ನಿನ ಭಾಗಗಳನ್ನು ಅದ್ದಿ ಬ್ರಶ್ಶಿನಿಂದ ಉಜ್ಜುತ್ತಿದ್ದ. ಹೊಗೆ, ಧೂಳು, ಪಕ್ಕದ ಹೋಟೆಲಿನ ಒಗ್ಗರಣೆ ಎಲ್ಲವನ್ನೂ ದಾಟಿ ಆ ವಾಸನೆ ಬಂದು ಮೂಗಿಗೆ ತಾಗಿತು. ಆಟೊ ಹೊರಟು ಜೆ.ಪಿ. ನಗರದ ನನ್ನ ಮನೆ ಮುಟ್ಟಿದರೂ ಅದು ಬಿಡಲಿಲ್ಲ. ಜರಗನಹಳ್ಳಿಯ ನಮ್ಮ ಹಳೆಯ ಅಂಗಳದಲ್ಲಿ ಭಾನುವಾರ ಬೆಳಿಗ್ಗೆ ಹುಟ್ಟುತ್ತಿದ್ದ ವಾಸನೆ ಅದು. ಗೋಡೆಯಾಚೆ ದೊಡ್ಡಪ್ಪ ಇಂಜಿನ್ ತೊಳೆಯುತ್ತಿದ್ದ, ಈಚೆ ಅಪ್ಪ ಕಾರು ಒರೆಸುತ್ತಿದ್ದ. ಆ ಇಂಜಿನ್ ಆ ಕಾರಿನದೇ. ನಡುವೆ ಗೋಡೆ ಏಕಿತ್ತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನಿಮ್ಮ ಮನೆಯಲ್ಲೂ ಒಂದು ಗೋಡೆ ಎದ್ದಿದ್ದರೆ ನಿಮಗಿದು ಬೇಗ ಅರ್ಥವಾಗುತ್ತದೆ.

ಕಾರು ತಾತನದು. ಜರಗನಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ತಾತ ದ್ರಾಕ್ಷಿ ಬೆಳೆದು, ಬೆಳೆ ಕೈಹಿಡಿದ ವರ್ಷ, ದಂಡಿನ, ಎಂದರೆ ಕಂಟೋನ್ಮೆಂಟಿನ, ಕಡೆ ಮನೆ ಖಾಲಿ ಮಾಡಿ ಇಂಗ್ಲೆಂಡಿಗೆ ಹೊರಟಿದ್ದ ದೊರೆಯೊಬ್ಬನಿಂದ ಕೊಂಡದ್ದಂತೆ. ಉದ್ದ ಮೂತಿ, ದುಂಡು ದೀಪ, ಚರ್ಮದ ಸೀಟು, ಮಿರಿಮಿರಿ ಮಿಂಚುವ ಕಪ್ಪು ಬಣ್ಣ. ಅದರಲ್ಲಿ ತರಕಾರಿ ಮೂಟೆಯೂ ಹೋಗುತ್ತಿತ್ತು, ಮದುವೆ ಗಂಡೂ ಹೋಗುತ್ತಿದ್ದ. ಆದರೆ ವರ್ಷಕ್ಕೊಂದು ದಿನ ಕಾರು ಪೂರ್ತಿ ಅಜ್ಜಿಯದು. ಯುಗಾದಿಯ ಮಾರನೆಯ ದಿನ, ವರ್ಷತೊಡಕಿಗೆ, ತಾತ ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಕೋಣನಕುಂಟೆಯ ತವರಿಗೆ ಬಾಡೂಟಕ್ಕೆ ಕರೆದೊಯ್ಯುತ್ತಿದ್ದ. ಕೋಣನಕುಂಟೆಯೇನು ದೂರವಲ್ಲ, ಕನಕಪುರ ರಸ್ತೆ ಹಿಡಿದರೆ ನಡೆದೇ ಮುಟ್ಟಬಹುದು. ಆದರೂ ಅಜ್ಜಿ ಆ ದಾರಿಯ ಬಗ್ಗೆ ಕಾಶಿಗೆ ಹೋಗಿ ಬಂದವಳ ಹಾಗೆ ಮಾತಾಡುತ್ತಿದ್ದಳು.

ತಾತ ಹೋದ ಮೇಲೆ ಅಪ್ಪನಿಗೂ ಅವನ ಅಣ್ಣನಿಗೂ, ಎಂದರೆ ನನ್ನ ದೊಡ್ಡಪ್ಪನಿಗೂ, ಭಾಗವಾಯಿತು. ನೆಂಟರ ಪೈಕಿ ಹಿರಿಯರೊಬ್ಬರನ್ನು ಕೂರಿಸಿಕೊಂಡು ಹೊಲ, ಮನೆ, ತೆಂಗಿನಮರ, ಹಿತ್ತಾಳೆ ಹಂಡೆ ಎಲ್ಲವನ್ನೂ ಸದ್ದಿಲ್ಲದೆ ಹಂಚಿಕೊಂಡವರು ಕಾರಿನ ಬಳಿ ಬಂದು ನಿಂತುಬಿಟ್ಟರು. ನನಗೆ ಬೇಕು ಎಂದ ದೊಡ್ಡಪ್ಪ. ನನಗೇ ಬೇಕು ಎಂದ ಅಪ್ಪ. ಮಾರಿ ಹಂಚಿಕೊಳ್ಳಿ ಎಂದರೆ ಇಬ್ಬರೂ ಒಂದೇ ದನಿಯಲ್ಲಿ ಬೇಡವೆಂದರು. ಆ ದಿನ ಅವರು ಕೂಡಿ ಆಡಿದ ಮಾತು ಅದೊಂದೇ. ಹೊತ್ತು ಇಳಿಯಿತು, ಹಿರಿಯರಿಗೆ ಹಸಿವಾಯಿತು. ಕೊನೆಗೆ ಅವರು ಟವೆಲ್ ಕೊಡವಿ ಎದ್ದು, "ಇಂಜಿನ್ ಒಬ್ನಿಗೆ, ಬಾಡಿ ಒಬ್ನಿಗೆ. ತಗೊಂಡು ಏನಾದ್ರೂ ಮಾಡ್ಕೊಳ್ರಪ್ಪ!" ಎಂದು ಬೈದು ಊಟಕ್ಕೆ ಹೋದರು. ನಮ್ಮವರು ಆ ಬೈಗುಳವನ್ನೇ ತೀರ್ಪು ಎಂದುಕೊಂಡರು. ಹಿರಿಯರು ಕೈ ತೊಳೆದು ಬರುವಷ್ಟರಲ್ಲಿ ಬಾನೆಟ್ ತೆಗೆದು ಬೋಲ್ಟು ಬಿಚ್ಚುತ್ತಿದ್ದರಂತೆ. ಇಂಜಿನ್ ದೊಡ್ಡಪ್ಪನ ಕಡೆ ಹೋಯಿತು, ಉಳಿದ ಕಾರು ನಮ್ಮ ಕಡೆ ನಿಂತಿತು, ನಡುವೆ ಗೋಡೆ ಎದ್ದಿತು. ನಾನು ಆಗ ತೊಟ್ಟಿಲಲ್ಲಿದ್ದೆ. ಕಾರೊಳಗೆ ಇಂಜಿನ್ ಇರುತ್ತದೆ ಎಂಬುದು ಶಾಲೆಗೆ ಸೇರಿದ ಮೇಲೆ ತಿಳಿದ ಸಂಗತಿ.

ದೊಡ್ಡಪ್ಪ ಇಂಜಿನ್ನನ್ನು ಹಳೆಯ ಎತ್ತಿನ ಗಾಡಿಯ ಚೌಕಟ್ಟಿನ ಮೇಲೆ ಕೂರಿಸಿದ. ರೇಡಿಯೇಟರ್ ಬಾಡಿಗೆ ಸೇರಿದ್ದೆಂದು ಅಪ್ಪ ಪಟ್ಟು ಹಿಡಿದದ್ದರಿಂದ, ತಂಪು ಮಾಡಲು ಪಕ್ಕದಲ್ಲಿ ನೀರಿನ ಡ್ರಮ್ಮಿಟ್ಟು ಪೈಪು ಎಳೆದ. ಪೆಟ್ರೋಲ್ ಟ್ಯಾಂಕೂ ನಮ್ಮದೇ. ಅವನು ನುಗ್ಗೆಮರದ ಕೊಂಬೆಗೆ ಆಸ್ಪತ್ರೆಯ ಗ್ಲೂಕೋಸಿನ ಹಾಗೆ ಬಾಟಲಿ ತೂಗುಹಾಕಿದ. ಸೈಲೆನ್ಸರ್ ಕೂಡ ನಮ್ಮ ಪಾಲಿಗೆ ಬಂದದ್ದರಿಂದ ಸದ್ದೆಲ್ಲ ಅವನ ಪಾಲಾಯಿತು. ಸಂಕ್ರಾಂತಿ ಕಳೆದ ಮೇಲೆ ಪ್ರತಿವರ್ಷ ಇಂಜಿನ್ನನ್ನು ಪೂರ್ತಿ ಬಿಚ್ಚುತ್ತಿದ್ದ. ಪಿಸ್ಟನ್, ರಿಂಗು, ವಾಲ್ವು, ಸ್ಪ್ರಿಂಗು ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಬಿಚ್ಚಿದ ಕ್ರಮದಲ್ಲೇ ಗೋಣಿತಾಟಿನ ಮೇಲೆ ಸಾಲಾಗಿ ಇಡುತ್ತಿದ್ದ. ಆ ದಿನಗಳಲ್ಲಿ ದೊಡ್ಡಮ್ಮ ಜಗಲಿಗೆ ಪೊರಕೆ ಸೋಕಿಸುವ ಹಾಗಿರಲಿಲ್ಲ. ವಾಲ್ವಿನ ಅಂಚಿಗೆ ಮರಳು ಮರಳಾದ ಪೇಸ್ಟು ಹಚ್ಚಿ, ಅದಕ್ಕೆ ಕಡ್ಡಿ ಸಿಕ್ಕಿಸಿ, ಎರಡು ಅಂಗೈಗಳ ನಡುವೆ ಮಜ್ಜಿಗೆ ಕಡೆಯುವ ಹಾಗೆ ಹೊಸೆಯುತ್ತ, ಅದು ತನ್ನ ಗೂಡಿನಲ್ಲಿ ಗಾಳಿಯೂ ನುಸುಳದ ಹಾಗೆ ಕೂರುವವರೆಗೆ ಮಸೆಯುತ್ತಿದ್ದ. ಆಮೇಲೆ ಜೋಡಿಸಿ, ಓಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಆನಿಸಿಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಎಲ್ಲಿಗೂ ಹೋಗದ ಇಂಜಿನ್ನಿಗೆ ಇಷ್ಟೊಂದು ಆರೈಕೆ ಏಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅಪ್ಪನೂ ಕಮ್ಮಿಯೇನಲ್ಲ. ಕಾರನ್ನು ಇಟ್ಟಿಗೆಗಳ ಮೇಲೆ ಎತ್ತಿ ನಿಲ್ಲಿಸಿ, ಟೈರು ಒಂದೇ ಕಡೆ ಬಿಸಿಲುಣ್ಣಬಾರದೆಂದು ಆಗಾಗ ತಿರುಗಿಸುತ್ತಿದ್ದ. ಸೀಟಿನ ಚರ್ಮಕ್ಕೆ ಹರಳೆಣ್ಣೆ ತಿಕ್ಕುತ್ತಿದ್ದ. ನಿಂತೇ ಇರುವ ಕಾರಿನ ಬ್ರೇಕು ಸರಿಯಾಗಿ ಹಿಡಿಯುತ್ತದೆಯೇ ಎಂದು ಪೆಡಲ್ ಒತ್ತಿ ನೋಡುತ್ತಿದ್ದ. ಬಾನೆಟ್ಟಿನೊಳಗಿನ ಖಾಲಿ ಜಾಗದಲ್ಲಿ ಬೆಕ್ಕು ಮರಿ ಹಾಕುತ್ತಿತ್ತು. ಮರಿಗಳು ಕಿರುಚಿದಾಗ ಅಮ್ಮ ಅಡುಗೆಮನೆಯಿಂದಲೇ, "ರೀ, ಸ್ಟಾರ್ಟ್ ಆಯ್ತು ನೋಡಿ ನಿಮ್ ಕಾರು!" ಎನ್ನುತ್ತಿದ್ದಳು. ಅಪ್ಪ ನಗುತ್ತಿರಲಿಲ್ಲ.

ಹಂಚುವಾಗ ಎಲ್ಲರೂ ಮರೆತದ್ದು ಹ್ಯಾಂಡಲ್ಲನ್ನು. ಇಂಜಿನ್ ಸ್ಟಾರ್ಟ್ ಮಾಡಲು ಮುಂದಿನಿಂದ ಸಿಕ್ಕಿಸಿ ತಿರುವುವ ಆ ಬಾಗಿದ ಕಬ್ಬಿಣದ ಸರಳು ನಮ್ಮ ಕಾರಿನ ಡಿಕ್ಕಿಯಲ್ಲೇ ಉಳಿದುಬಿಟ್ಟಿತ್ತು. ಅದಿಲ್ಲದೆ ದೊಡ್ಡಪ್ಪನ ಇಂಜಿನ್ ಬರೀ ಕಬ್ಬಿಣದ ಗಡ್ಡೆ. ಕೇಳಲು ಅವನಿಗೆ ಬಾಯಿ ಬರಲಿಲ್ಲ, ಕೊಡಲು ಅಪ್ಪನಿಗೆ ಕೈ ಬರಲಿಲ್ಲ. ದಾರಿ ಹುಡುಕಿದವಳು ಅಜ್ಜಿ. ಭಾನುವಾರ ಸ್ನಾನ ಮುಗಿಸಿ, ಡಿಕ್ಕಿ ತೆಗೆದು, ಹ್ಯಾಂಡಲ್ಲನ್ನು ಸೆರಗಿನಲ್ಲಿ ಸುತ್ತಿಕೊಂಡು, ಎಲ್ಲರ ಕಣ್ಣೆದುರೇ ಕದ್ದು ಒಯ್ಯುವವಳ ಹಾಗೆ ಗೇಟು ದಾಟಿ ಹೋಗಿ ದೊಡ್ಡಪ್ಪನಿಗೆ ಕೊಟ್ಟು ಬರುತ್ತಿದ್ದಳು. ಇಂಜಿನ್ ನಿಂತ ಮೇಲೆ ಹೋಗಿ ವಾಪಸು ತರುವವಳೂ ಅವಳೇ. ಕೊಟ್ಟು ಬಂದವಳು ನಮ್ಮ ಕಾರಿನ ಹಿಂಬಾಗಿಲು ತೆಗೆದು ಒಳಗೆ ಕೂರುತ್ತಿದ್ದಳು. ಪಕ್ಕದಲ್ಲಿ ನಾನು. ಸ್ವಲ್ಪ ಹೊತ್ತಿಗೆ ಬಲಗಡೆಯ ಗೋಡೆಯಾಚೆ ಇಂಜಿನ್ ಎರಡು ಸಲ ಕೆಮ್ಮಿ, ಆಮೇಲೆ ಉಸಿರು ಹಿಡಿದು, ಗುಡುಗುಡು ಎಂದು ಒಂದೇ ಸಮನೆ ಓಡತೊಡಗುತ್ತಿತ್ತು. ಸೀಟು ಅಲುಗುತ್ತಿರಲಿಲ್ಲ, ಕಿಟಕಿಯಾಚೆಯ ದಾಸವಾಳದ ಗಿಡ ಇದ್ದಲ್ಲೇ ಇರುತ್ತಿತ್ತು. ಹರಳೆಣ್ಣೆ, ಚರ್ಮ, ಗೋಡೆ ಹತ್ತಿ ಬರುವ ಪೆಟ್ರೋಲ್ ಹೊಗೆ, ಅಜ್ಜಿಯ ಬಾಯಿಯ ಎಲೆಯಡಿಕೆ ಎಲ್ಲ ಸೇರಿದ ಆ ಬಿಸಿ ವಾಸನೆಯಲ್ಲಿ ನಾನು ಎಷ್ಟೋ ಸಲ ನಿದ್ದೆ ಹೋಗಿದ್ದೇನೆ.

ಅಜ್ಜಿಗೆ ಬೇಕಿದ್ದದ್ದು ಒಂದೇ. ಆ ಕಾರಿನಲ್ಲಿ ಇನ್ನೊಂದು ಸಲ ತವರಿಗೆ ಹೋಗಬೇಕು. ಕೋಣನಕುಂಟೆಯ ಅವಳ ತಮ್ಮ ಪ್ರತಿ ವರ್ಷತೊಡಕಿಗೂ ಹೇಳಿಕಳಿಸುತ್ತಿದ್ದ. ಭಾಗವಾದಾಗಿನಿಂದ ಅವಳು ಹೋಗಿರಲಿಲ್ಲ. "ಬಸ್ಸಲ್ಲಿ ಹೋದ್ರೆ ಸಂತೆಗೋದಂಗಾಯ್ತದೆ, ತವರಿಗೋದಂಗಾಗಲ್ಲ," ಎನ್ನುತ್ತಿದ್ದಳು. ಹಠದಲ್ಲಿ ಮಕ್ಕಳು ಹೋಲುತ್ತಿದ್ದದ್ದು ತಾಯಿಯನ್ನೇ. ಒಂದು ವರ್ಷ ಯುಗಾದಿ ಹತ್ತಿರ ಬಂದಾಗ ಅವಳು ಮೊದಲು ದೊಡ್ಡಪ್ಪನನ್ನು ಕೇಳಿದಳು. "ಅವ್ನು ಬಂದು ಒಂದ್ಮಾತು ಕೇಳ್ಲಿ, ಇವತ್ತೇ ಕೊಡ್ತೀನಿ," ಎಂದ ದೊಡ್ಡಪ್ಪ. ಈ ಕಡೆ ಬಂದು ಅಪ್ಪನನ್ನು ಕೇಳಿದಳು. "ಕೇಳೋದೇನಿದೆ ಅದ್ರಲ್ಲಿ? ಅವ್ನೇ ತಂದು ಕೂರಿಸ್ಲಿ, ಬೇಡ ಅಂದೋರ್ಯಾರು?" ಎಂದ ಅಪ್ಪ. ಇವನು ಕೇಳಲಿಲ್ಲ, ಅವನು ತರಲಿಲ್ಲ. ಯುಗಾದಿ ಬಂತು.

ವರ್ಷತೊಡಕಿನ ಬೆಳಿಗ್ಗೆ ಅಜ್ಜಿ ಪೆಟ್ಟಿಗೆಯಿಂದ ನವಿರಾದ ರೇಷ್ಮೆಸೀರೆ ತೆಗೆದು ಉಟ್ಟಳು. ತಮ್ಮನ ಮನೆಯ ಮಕ್ಕಳಿಗೆಂದು ಕೊಬ್ಬರಿ ಮಿಠಾಯಿಯ ಪೊಟ್ಟಣ ಕಟ್ಟಿಕೊಂಡಳು. ಎಂದಿನಂತೆ ಹ್ಯಾಂಡಲ್ ಕೊಟ್ಟು ಬಂದು, ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂತಳು. ಇಂಜಿನ್ ಹತ್ತಿಕೊಂಡಿತು. "ಹೊಲ್ಟ್ವು ಕಣೇ," ಎಂದಳು ನನಗೆ. ಆಮೇಲೆ ಕಣ್ಣು ಮುಚ್ಚಿ ಒಂದೊಂದೇ ಹೇಳತೊಡಗಿದಳು. ಈಗ ಹುಣಸೆಮರ ಬಂತು, ಈಗ ರಾಗಿಹೊಲ, ಈಗ ಇಳಿಜಾರು, ನಿಮ್ ತಾತ ಇಲ್ಲಿ ಸ್ಲೋ ಮಾಡೋರು, ಈಗ ನಮ್ಮ ಬಾವಿ ಕಾಣ್ತದೆ ನೋಡು. ಅಪ್ಪ ಮುಂದಿನ ಗಾಜು ಒರೆಸುತ್ತಿದ್ದವನು ಅದೇ ಜಾಗವನ್ನು ಮತ್ತೆ ಮತ್ತೆ ಒರೆಸಿದ. ಗೋಡೆಯಾಚೆ ದೊಡ್ಡಪ್ಪ ಆ ದಿನ ಬಾಟಲಿಯ ಪೆಟ್ರೋಲ್ ಪೂರ್ತಿ ತೀರಿ, ಇಂಜಿನ್ ತಾನೇ ಬಿಕ್ಕಿ ನಿಲ್ಲುವವರೆಗೂ ಓಡಿಸಿದ. ಸದ್ದು ನಿಂತ ಮೇಲೆ ಅಜ್ಜಿ ಇಳಿದು, ಸೀರೆಯ ನೆರಿಗೆ ಸರಿಮಾಡಿಕೊಂಡು, ಎರಡೂ ಮನೆಗೆ ಕೇಳುವಷ್ಟು ಗಟ್ಟಿಯಾಗಿ, "ತವರಿಗೋಗ್ಬಂದೆ," ಎಂದಳು. ಪೊಟ್ಟಣ ನನ್ನ ಕೈಗೆ ಬಂತು. ಈಚೆಯೂ ಆಚೆಯೂ ಯಾರೂ ಮಾತಾಡಲಿಲ್ಲ.

ಅವತ್ತೇ ಇಬ್ಬರೂ ಕರಗಿ ಇಂಜಿನ್ ಜೋಡಿಸಿದರು ಎಂದು ಬರೆಯಲು ನನಗೂ ಆಸೆ. ಹಾಗಾಗಲಿಲ್ಲ. ಮುಂದಿನ ಮಳೆಗಾಲದಲ್ಲಿ ಅಜ್ಜಿ ಜ್ವರ ಬಂದು ತೀರಿಕೊಂಡಳು. ಹದಿಮೂರನೆಯ ದಿನದ ಕೆಲಸಗಳೆಲ್ಲ ಮುಗಿದ ಮೇಲೆ ಬಂದ ಭಾನುವಾರ, ಆಚೆ ದೊಡ್ಡಪ್ಪ ಡ್ರಮ್ಮಿಗೆ ನೀರು ತುಂಬುವ ಸದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಹ್ಯಾಂಡಲ್ ಒಯ್ಯುವವರು ಇರಲಿಲ್ಲ. ಅಪ್ಪ ಡಿಕ್ಕಿ ತೆಗೆದು ಅದನ್ನು ಕೈಗೆತ್ತಿಕೊಂಡಾಗ ಅಮ್ಮ ಸಾರು ಕುದಿಯುವುದನ್ನೂ ಬಿಟ್ಟು ಬಾಗಿಲಿಗೆ ಬಂದು ನಿಂತಳು. ಅಪ್ಪ ಗೇಟಿನವರೆಗೂ ಹೋದ. ಅಲ್ಲಿ ನಿಂತ. ತಿರುಗಿ ಬಂದು ಹ್ಯಾಂಡಲ್ಲನ್ನು ಗೋಡೆಯ ಮೇಲಿಟ್ಟ. ಆ ಕಡೆಯಿಂದ ಒಂದು ಕೈ ಮೇಲೆ ಬಂದು ತೆಗೆದುಕೊಂಡಿತು. ಇಂಜಿನ್ ಓಡತೊಡಗಿದಾಗ ಅಪ್ಪ ಕಾರಿನ ಹಿಂಬಾಗಿಲು ತೆಗೆದು ಅಜ್ಜಿಯ ಜಾಗದಲ್ಲಿ ಕೂತುಕೊಂಡ. ಸದ್ದು ನಿಂತ ಮೇಲೆ ಹ್ಯಾಂಡಲ್ ಮತ್ತೆ ಗೋಡೆಯ ಮೇಲೆ ಬಂತು. ಅಲ್ಲಿಂದ ಮುಂದೆ ಪ್ರತಿ ಭಾನುವಾರವೂ ಅದೇ ನಡೆಯಿತು. ನಾನು ಮದುವೆಯಾಗಿ ಹೋದ ಮೇಲೂ, ಸುತ್ತಲಿನ ಹೊಲವೆಲ್ಲ ಬಾಡಿಗೆ ಮನೆಗಳಾದ ಮೇಲೂ.

ಅಪ್ಪ ತೀರಿಕೊಂಡ ಮೇಲೆ ಒಂದು ಭಾನುವಾರ ನಾನೇ ಹ್ಯಾಂಡಲ್ಲನ್ನು ಗೋಡೆಯ ಮೇಲಿಟ್ಟು ಕಾದೆ. ಕೈ ಬರಲಿಲ್ಲ. ಗೇಟು ದಾಟಿ ಆಚೆ ಹೋದೆ. ದೊಡ್ಡಪ್ಪ ಇಂಜಿನ್ನಿನ ಪಕ್ಕ ಸ್ಟೂಲಿನ ಮೇಲೆ ಕೂತಿದ್ದ, ಕೈಯಲ್ಲಿ ಎಣ್ಣೆ ಬಟ್ಟೆ. "ಯಾಕ್ ದೊಡ್ಡಪ್ಪ, ಓಡಿಸಲ್ವಾ?" ಎಂದೆ. "ಯಾರಿಗ್ ಕೇಳ್ಲಿ ಅಂತ ಓಡಿಸ್ಲಮ್ಮ?" ಎಂದ. ಆಮೇಲೆಯೂ ಅವನು ಬದುಕಿರುವವರೆಗೆ ಅದನ್ನು ತೊಳೆದ, ಒರೆಸಿದ, ಎಣ್ಣೆ ಬಿಟ್ಟ. ಆದರೆ ಓಡಿಸಲಿಲ್ಲ.

ಈಗ ಎರಡೂ ಮನೆ ಕೆಡವಿ ಒಂದೇ ಕಟ್ಟಡ ಕಟ್ಟುವುದೆಂದು ನಾನೂ ದೊಡ್ಡಪ್ಪನ ಮಗ ಮಂಜನೂ ತೀರ್ಮಾನಿಸಿದ್ದೇವೆ. ನಮ್ಮಿಬ್ಬರಿಗೂ ಜಗಳವಾಡಲು ಪುರುಸೊತ್ತಿಲ್ಲ. ಮೊದಲು ಗೋಡೆ ಬಿತ್ತು. ಅವತ್ತು ಮಂಜ, "ಅಕ್ಕ, ಸೇರಿಸ್ಬಿಡೋಣ್ವಾ?" ಎಂದ. ಹಳೆಯ ಕಾರುಗಳ ಕೆಲಸ ಬಲ್ಲ ಮೆಕ್ಯಾನಿಕ್ ಒಬ್ಬರು ಬನಶಂಕರಿಯಿಂದ ಬಂದರು. ಇಂಜಿನ್ ಬಿಚ್ಚಿ ನೋಡಿ, "ಇದು ಸವೆದೇ ಇಲ್ಲ ಸಾರ್. ಇಷ್ಟು ವರ್ಷ ಲೋಡೇ ಎಳೆದಿಲ್ವಲ್ಲ," ಎಂದು ಮಂಜನಿಗೆ ಹೇಳಿದರು. ಚೈನು ಕಟ್ಟಿ ಎತ್ತಿ ಇಳಿಸಿದಾಗ ಇಂಜಿನ್ ಒಂದು ಬೋಲ್ಟಿನ ತಕರಾರೂ ಇಲ್ಲದೆ ತನ್ನ ಜಾಗದಲ್ಲಿ ಕೂತಿತು. ಒಂದು ಮಧ್ಯಾಹ್ನದ ಕೆಲಸ. ಆ ಗಳಿಗೆಯಲ್ಲಿ ಅಪ್ಪನ ಮೇಲೂ ದೊಡ್ಡಪ್ಪನ ಮೇಲೂ ನನಗೆ ಎಂಥ ಕೋಪ ಬಂತೆಂದರೆ, ಎದುರಿಗಿದ್ದಿದ್ದರೆ ಇಬ್ಬರಿಗೂ ಆ ಹ್ಯಾಂಡಲ್ಲಿನಲ್ಲೇ ಎರಡೆರಡು ಕೊಡುತ್ತಿದ್ದೆ.

ಭಾನುವಾರ ಬೆಳಿಗ್ಗೆ ಕೋಣನಕುಂಟೆಗೆ ಹೊರಟೆವು. ಮಂಜ ಓಡಿಸಿದ, ನಾನು ಅಜ್ಜಿಯ ಜಾಗದಲ್ಲಿ ಕೂತೆ. ಬೈಕಿನ ಹುಡುಗರು ಪಕ್ಕಕ್ಕೆ ಬಂದು, "ಸಖತ್ ಅಂಕಲ್!" ಎಂದು ಕೂಗಿ ಫೋಟೊ ತೆಗೆದರು. ಮೆಟ್ರೊ ಕಂಬಗಳು ಒಂದರ ಹಿಂದೊಂದು ಸರಿದವು. ಹುಣಸೆಮರವಾಗಲಿ ಬಾವಿಯಾಗಲಿ ಎಲ್ಲಿದ್ದಿರಬಹುದೆಂದು ಊಹಿಸಲೂ ಆಗಲಿಲ್ಲ. ಸೈಲೆನ್ಸರ್ ಸೇರಿದ್ದರಿಂದ ಸದ್ದು ಮೆತ್ತಗಾಗಿತ್ತು. ಅದೂ ಎದುರಿನಿಂದ ಬರುತ್ತಿತ್ತು. ನನ್ನ ತಲೆ ತಾನಾಗಿ ಬಲಕ್ಕೆ, ಗೋಡೆಯಿರಬೇಕಾದ ಕಡೆಗೆ, ವಾಲಿಕೊಂಡಿತ್ತು. ಮಂಜ ಕನ್ನಡಿಯಲ್ಲಿ ನೋಡಿ, "ಯಾಕಕ್ಕ, ಸೌಂಡ್ ಸರಿ ಇಲ್ವಾ?" ಎಂದ. "ಸರಿಯಾಗಿದೆ ಕಣೋ," ಎಂದೆ. ಅಜ್ಜಿಯ ತವರಿದ್ದಲ್ಲಿ ಹಾರ್ಡ್‌ವೇರ್ ಅಂಗಡಿಯಿತ್ತು. ಇಳಿಯದೆ ತಿರುಗಿಸಿಕೊಂಡು ಬಂದೆವು.

ಅಂಗಳಕ್ಕೆ ಬಂದು ಮಂಜ ಇಂಜಿನ್ ಆರಿಸಿದ. ನಾನು ಇಳಿದು ನೆರಿಗೆ ಸರಿಮಾಡಿಕೊಂಡು, ತಮಾಷೆಗೆಂದು, ಗಟ್ಟಿಯಾಗಿಯೇ ಹೇಳಿದೆ: "ತವರಿಗೋಗ್ಬಂದೆ." ಅಂದು ಅಜ್ಜಿ ಹೇಳಿದಾಗ ಗೋಡೆಯ ಆಚೆ ಒಬ್ಬ, ಈಚೆ ಒಬ್ಬ ಕೇಳಿಸಿಕೊಂಡು ಸುಮ್ಮನಿದ್ದರು. ಈಗ ಹಾಗೆ ಸುಮ್ಮನಿರಲೂ ಅವರಿಬ್ಬರಲ್ಲಿ ಯಾರೂ ಇರಲಿಲ್ಲ.