ಕಮಲಾಪುರದ ಲ್ಯಾಬಿನಲ್ಲಿ ಕೆಂಪು ಅಕ್ಷರ

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಆದರೂ ಕಲಬುರಗಿಯ ಜಗತ್ ಸರ್ಕಲ್ ಹತ್ತಿರದ ನಮ್ಮ ಅಂಗಡಿಗೆ ಬಂದ ಕಂಪ್ಯೂಟರನ್ನು ನಾನು ರಿಪೇರಿ ಮಾಡದೆ ವಾಪಸು ಕಳಿಸಿದ್ದು ಕಡಿಮೆ. ಇದನ್ನು ಹೇಳುವಾಗ ಸ್ವಲ್ಪ ಜಂಬವಿದೆ, ಇರಲಿ. ಕಸ ಗುಡಿಸಲು ಸೇರಿದವನು ಸ್ಕ್ರೂಡ್ರೈವರ್ ಹಿಡಿದು ಇಪ್ಪತ್ತು ವರ್ಷದಲ್ಲಿ ಕಲಿತ ಕೆಲಸ ಇದು. ಇಂಗ್ಲಿಷ್ ಅಕ್ಷರಗಳು ನನಗೆ ಬಂದದ್ದೇ ಕೀಬೋರ್ಡಿನಿಂದ. ಬಿಡಿ ಪದಗಳ ಗುರುತು ಹಿಡಿಯುತ್ತೇನೆ. ಉದ್ದನೆಯ ವಾಕ್ಯ ಎದುರಾದರೆ ಓದಿದವನಂತೆ ಮುಖ ಮಾಡಿ ಮುಂದೆ ಹೋಗುತ್ತಿದ್ದೆ. ಇದು ಅಂಗಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹೋದ ವರ್ಷ ಕಮಲಾಪುರದ ಒಂದು ಕಾಲೇಜಿನಿಂದ, ಕಂಪ್ಯೂಟರ್ ಕಲಿಸುವ ಮೇಡಂ ಫೋನ್ ಮಾಡಿದರು. ಮರುದಿನ ಮುಂಜಾನೆ ಹತ್ತಕ್ಕೆ ಪ್ರಾಕ್ಟಿಕಲ್ ಪರೀಕ್ಷೆ. ಲ್ಯಾಬಿನ ಇಪ್ಪತ್ತು ಕಂಪ್ಯೂಟರಿನಲ್ಲೂ ಪ್ರೋಗ್ರಾಮ್ ಬರೆಯುವ ಪೈಥಾನ್ ಇದೆ, ಆದರೆ ಗಣಿತಕ್ಕೆ, ಗ್ರಾಫ್ ಬಿಡಿಸಲಿಕ್ಕೆ ಬೇಕಾದ ಪ್ಯಾಕೇಜುಗಳಿಲ್ಲ. ಅವು ಪೈಥಾನಿನ ಜೊತೆಗೆ ಬರುವುದಿಲ್ಲ. ಬೇರೆ ಯಾರೋ ಬರೆದು ನೆಟ್‌ನಲ್ಲಿ ಇಟ್ಟಿರುತ್ತಾರೆ. ನಾವು ಹೆಸರು ಟೈಪ್ ಮಾಡಿ ತರಿಸಿಕೊಳ್ಳಬೇಕು.

"ಒಂದೇ ದಿನದಾಗ ಆಗ್ತದೇನ್ರಿ?" ಎಂದರು.

"ಮುಗಿಸೇ ವಾಪಸ್ ಬಸ್ ಹತ್ತತೀನ್ರಿ ಮೇಡಂ. ಇಲ್ಲಂದ್ರ ಈ ಕೆಲಸಾನೇ ಬಿಟ್ಟುಬಿಡ್ತೀನಿ."

ಆ ಮುಂಜಾನೆಯೇ ಬಸ್ ಹಿಡಿದು ಕಮಲಾಪುರಕ್ಕೆ ಹೋದೆ. ಲ್ಯಾಬಿನ ಬೀಗ ತೆಗೆದ ಕಾಲೇಜಿನ ಸಿಪಾಯಿ ನನಗಿಂತ ಹಿರಿಯ. ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಮೊಬೈಲ್ ತೆಗೆದ. ಮೇಡಂ ಒಂದು ಚೀಟಿ ಕೊಟ್ಟು ಕ್ಲಾಸಿಗೆ ಹೋದರು. ಚೀಟಿಯಲ್ಲಿ ನಾಲ್ಕು ಹೆಸರು: ನಂಪೈ, ಪಾಂಡಾಸ್, ಮ್ಯಾಟ್‌ಪ್ಲಾಟ್‌ಲಿಬ್, ಎಸ್‌ಕೆಲರ್ನ್. ಕಾಲೇಜಿನ ಲೈನ್ ನಿಧಾನವಿದ್ದದ್ದರಿಂದ ನನ್ನ ಫೋನಿನ ನೆಟ್ ಹಚ್ಚಿದೆ. ಮೊದಲ ಕಂಪ್ಯೂಟರಿನಲ್ಲಿ ಮೂರು ಸಲೀಸಾಗಿ ಕೂತವು. ನಾಲ್ಕನೆಯದಕ್ಕೆ ಪರದೆಯ ತುಂಬ ಕೆಂಪು ಅಕ್ಷರ ಬಂದವು.

ಕೆಂಪು ಬಂದರೆ ನೆಟ್ ಹೋಗಿದೆ ಎಂಬುದು ನನ್ನ ಲೆಕ್ಕ. ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ. ಮತ್ತೆ ಕೆಂಪು. ಪಕ್ಕದ ಕಂಪ್ಯೂಟರಿಗೆ ಹೋದೆ, ಅಲ್ಲೂ ಅದೇ. ಪೈಥಾನನ್ನೇ ಕಿತ್ತು ಹೊಸದಾಗಿ ಹಾಕಿದೆ. ಮೊದಲು ಕೂತಿದ್ದ ಮೂರನ್ನೂ ಮತ್ತೆ ತರಿಸಬೇಕಾಯಿತು, ನಾಲ್ಕನೆಯದು ಮಾತ್ರ ಬರಲಿಲ್ಲ. ಅಷ್ಟರಲ್ಲಿ ಮಧ್ಯಾಹ್ನ ಎರಡಾಗಿತ್ತು. ಒಂದೂ ಕಂಪ್ಯೂಟರ್ ತಯಾರಿರಲಿಲ್ಲ.

"ಏನ್ರೀ ಉಸ್ತಾದ್, ಮಷೀನ್ ಮುನಿಸ್ಕೊಂಡದೇನು?" ಎಂದ ಸಿಪಾಯಿ.

"ನಿಮ್ಮ ಊರಾಗ ನೆಟ್ಟೇ ಇಲ್ಲಲ್ರಿ."

"ಇಲ್ಲೇ ಕುಂತು ನಾ ಆಗಲೇ ಮೂರು ವಿಡಿಯೋ ನೋಡೀನಿ."

ಆಗ ಮೇಡಂ ಬಂದರು. "ಏನಂತ ಬರಾಕತ್ತದ, ನೋಡೂಣು" ಎಂದು ಬಗ್ಗಿದರು. ಅವರು ಓದುವ ಮೊದಲೇ ನಾನು ಪರದೆ ಅಳಿಸಿಬಿಟ್ಟೆ. ಯಾಕೆ ಅಳಿಸಿದೆ ಎಂಬುದು ನನಗೆ ಗೊತ್ತಿತ್ತು. ಓದಿದ ಮೇಲೆ ಅವರು ನನ್ನನ್ನು ಏನಾದರೂ ಕೇಳುತ್ತಾರೆ, ನಾನು ಓದಿಲ್ಲ ಎಂಬುದು ಬಯಲಾಗುತ್ತದೆ.

"ನೆಟ್ ಪ್ರಾಬ್ಲಂ ರೀ" ಎಂದೆ.

"ಹಂಗಾದ್ರ ಪರೀಕ್ಷಾ ಮುಂದ ಹಾಕ್ರಿ ಅಂತ ಪ್ರಿನ್ಸಿಪಾಲರಿಗೆ ಹೇಳ್ತೀನಿ. ಹಳ್ಳೀಲಿಂದ ಬರೋ ಹುಡುಗೇರಿಗೆ ಈಗಲೇ ತಿಳಸ್ಬೇಕು" ಎಂದು ಫೋನ್ ತೆಗೆದರು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ಬಹುಶಃ ನಾನೂ ಸಿಟ್ಟಿಗೆದ್ದು ಚೀಲ ಎತ್ತಿಕೊಂಡು ಹೋಗುತ್ತಿದ್ದೆ.

"ತಡೀರಿ ಮೇಡಂ. ಇನ್ನೊಮ್ಮೆ ಮಾಡ್ತೀನಿ. ಏನ್ ಬರ್ತದ ನೀವೇ ಓದ್ರಿ. ನಂಗ ಅಷ್ಟುದ್ದ ಇಂಗ್ಲಿಷ್ ಓದಾಕ ಬರಲ್ಲ."

ಸಿಪಾಯಿ ವಿಡಿಯೋ ನಿಲ್ಲಿಸಿದ. ಮೇಡಂ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. ನಾನು ಮತ್ತೆ ಅದೇ ಹೆಸರು ಟೈಪ್ ಮಾಡಿದೆ. ಕೆಂಪು ಅಕ್ಷರ ಬಂದವು. ಅವರು ಬೆರಳಿಟ್ಟು ಓದಿದರು: "ಈ ಹೆಸರು ಈಗ ನಡೆಯಂಗಿಲ್ಲ, ಸೈಕಿಟ್-ಲರ್ನ್ ಅಂತ ಹಾಕ್ರಿ ಅನ್ನಾಕತ್ತದ." ಆಮೇಲೆ ನಾಲಿಗೆ ಕಚ್ಚಿಕೊಂಡರು. "ನಂದೂ ತಪ್ಪದ ರೀ. ಪ್ರೋಗ್ರಾಮಿನ್ಯಾಗ ಎಸ್‌ಕೆಲರ್ನ್ ಅಂತೇ ಬರೀತೀವಿ. ಅದನ್ನೇ ಚೀಟಿಗಿ ಇಳಿಸೀನಿ."

"ಅಂದ್ರ ಅದು ಕರಿಯೋ ಹೆಸರು, ಇದು ಸಾಲ್ಯಾಗ ಬರಸಿದ ಹೆಸರು" ಎಂದ ಸಿಪಾಯಿ. "ನಂದೂ ಹಂಗೇ ಅದ ರೀ. ಮನ್ಯಾಗಿನ ಹೆಸರು ತಗೊಂಡು ಆಫೀಸಿನ್ಯಾಗ ಕೇಳಿದ್ರ, ಅಂಥಾವ ಯಾವನೂ ಇಲ್ಲಿಲ್ಲ ಅಂತಾರ."

ಸೈಕಿಟ್-ಲರ್ನ್ ಎಂದು ಹಾಕಿದೆ. ಬಂದು ಕೂತಿತು. ನೆಟ್ ಬೆಳಗಿನಿಂದಲೂ ಸರಿಯಾಗಿಯೇ ಇತ್ತು.

ಹೊತ್ತು ಸಾಲದೆಂದು ಮೇಡಂ ಆಚೆ ಸಾಲು ಹಿಡಿದರು, ನಾನು ಈಚೆ ಸಾಲು. ಸ್ವಲ್ಪ ಹೊತ್ತಿಗೆ ಅವರು "ಇಲ್ಲೂ ಕೆಂಪು ಬಂತಲ್ರಿ" ಎಂದರು. ನಾನು ಎದ್ದು ಹೋಗಿ ನೋಡಿದೆ. "ನಡುವಿನ ಅಡ್ಡಗೆರಿ ಬಿಟ್ಟೀರಿ ಮೇಡಂ" ಎಂದೆ. ಅವರು ನಕ್ಕು ಗೆರೆ ಹಾಕಿದರು. ಸಂಜೆ ಆರರೊಳಗೆ ಇಪ್ಪತ್ತೂ ಮುಗಿದವು. ಪ್ರತಿಯೊಂದರಲ್ಲೂ ಪ್ರೋಗ್ರಾಮ್ ಓಡಿಸಿ ನೋಡಿಯೇ ಎದ್ದೆ.

ಈಗ ಕೆಂಪು ಅಕ್ಷರ ಬಂದರೆ ನಮ್ಮ ಅಂಗಡಿಯ ಮಾಲೀಕರನ್ನು ಕರೆದು ಓದಿಸುತ್ತೇನೆ. ಮೊದಲ ಸಲ ಕೇಳಿದಾಗ ಅವರು ನನ್ನ ಮುಖವನ್ನೇ ನೋಡಿದರು.

"ಇಪ್ಪತ್ತು ವರ್ಷ ನಂಗ ಹೇಳೇ ಇಲ್ಲಲ್ಲೋ ತಮ್ಮಾ?"

"ಈಗ ಹೇಳೀನಲ್ರಿ ಸಾವಕಾರ್ರೆ. ಓದ್ರಿ."