ಜಪಾನಿನ ಸಂಜೆಗೆ ಅತ್ತೆಯ ಊಟ

ಶ್ರಾವಣ ಸೋಮವಾರ ಮಧ್ಯಾಹ್ನ ಮೂರೂಕಾಲಿಗೆ ನಮ್ಮ ಅತ್ತೆ ರೊಟ್ಟಿ ಮುರಿದು, ಝುಣಕ ಹಚ್ಚಿ ಬಾಯಿಗಿಟ್ಟರು. ನಾನು ಗಾಬರಿಯಾದೆ. ಸಂಜೆ ದೀಪ ಹಚ್ಚುವವರೆಗೆ ಹನಿ ನೀರನ್ನೂ ಮುಟ್ಟದ ಹೆಂಗಸು ಅವರು! ಸಕ್ಕರೆ ಕಾಯಿಲೆಯಿದೆ, ಉಪವಾಸ ಬೇಡ ಎಂದು ಹಾನಗಲ್ಲಿನ ಡಾಕ್ಟರು ಬೈದರೂ ಕೇಳಿರಲಿಲ್ಲ. ಹಿಂದಿನ ಸೋಮವಾರ ತಲೆ ತಿರುಗಿ ಬಿದ್ದಾಗ ಓಣಿಯ ಅರ್ಧ ಮಂದಿ ನಮ್ಮ ಪಡಸಾಲೆಯಲ್ಲಿದ್ದರು.

"ಯಾಕ್ರಿ ಅತ್ತಿ, ಇನ್ನೂ ಹೊತ್ತು ಮುಳುಗಿಲ್ಲಲ್ರಿ?" ಎಂದೆ.

ಅವರು ಎದುರಿಗಿದ್ದ ಮೊಬೈಲ್ ತೋರಿಸಿದರು. ಜಪಾನಿನ ಸಣ್ಣ ಊರೊಂದರಲ್ಲಿ ನರ್ಸ್ ಆಗಿರುವ ನನ್ನ ನಾದಿನಿ ವಿಡಿಯೊ ಕರೆಯಲ್ಲಿದ್ದಳು. ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ತಾಸು ಮುಂದು. ಅವಳ ಕಿಟಕಿಯಾಚೆ ಕತ್ತಲಾಗುತ್ತಿತ್ತು, ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಒಳಗೆ ದೇವರ ಫೋಟೊ ಮುಂದೆ ದೀಪ ಉರಿಯುತ್ತಿತ್ತು.

"ಮಗಳು ದೀಪಾ ಹಚ್ಯಾಳ, ನಾ ಕೈ ಮುಗದೇನಿ. ಅಲ್ಲೊಬ್ಬ ಇಲ್ಲೊಬ್ಬ ಶಿವ ಅದಾನೇನು?" ಎಂದವರು ದನಿ ತಗ್ಗಿಸಿದರು. "ಆ ಊರು ಛಲೋ ಐತಿ ನೋಡವಾ. ಉಂಡ್ರೂ ಯಾರೂ ಕೇಳಂಗಿಲ್ಲ, ಬಿಟ್ರೂ ಕೇಳಂಗಿಲ್ಲ. ನಮ್ಮ ಮಂದಿ ಹಂಗಲ್ಲ, ಮೊದಲ ಬಾಗಲಾ ಹಾಕು!"

ನಾದಿನಿ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ನಾನು ಬಾಗಿಲು ಹಾಕಿ ಬಂದು ಇನ್ನೊಂದು ರೊಟ್ಟಿ ಬಡಿಸಿದೆ.

ಆ ಶ್ರಾವಣದಲ್ಲಿ ಅತ್ತೆ ಮತ್ತೆ ತಲೆ ತಿರುಗಿ ಬೀಳಲಿಲ್ಲ. ಆದರೆ ಗುಟ್ಟು ಮಾತ್ರ ಉಳಿಯಲಿಲ್ಲ. ಮುಂದಿನ ಸೋಮವಾರ ಮೂರು ಗಂಟೆಗೆ, ತಾವೂ ಉಪವಾಸವಿದ್ದ ಪಕ್ಕದ ಮನೆಯ ಕಾಕು ಮೆಲ್ಲಗೆ ಒಳಗೆ ಇಣುಕಿದರು: "ಜಪಾನಿನ್ಯಾಗ ಹೊತ್ತು ಮುಳುಗೇತೇನ್ರಿ?"