ಪಡಸಾಲೆಯ ಕೆಳಗಿದ್ದ ಕೋಣೆ

ನಾನು ಚಿಕ್ಕವಳಿದ್ದಾಗ, ಅಂದರೆ ತಲೆಬಾಗಿಲಿನ ಚಿಲಕ ಇನ್ನೂ ನನ್ನ ಕೈಗೆ ಎಟುಕದಿದ್ದ ಕಾಲದಲ್ಲಿ, ನಮ್ಮ ಮನೆಯಲ್ಲಿ ನನಗೆ ಗೊತ್ತಿಲ್ಲದ ಒಂದು ಕೋಣೆ ಇತ್ತು. ಅದು ಮಾಳಿಗೆಯ ಮೇಲೆ ಇರಲಿಲ್ಲ, ಹಿತ್ತಲಲ್ಲೂ ಇರಲಿಲ್ಲ. ನಾವು ದಿನವೂ ಉಂಡು, ಆಡಿ, ಮಲಗುತ್ತಿದ್ದ ಪಡಸಾಲೆಯ ಕೆಳಗೇ ಇತ್ತು. ಅದು ನಮಗೆ ಹೇಗೆ ಗೊತ್ತಾಯಿತು, ಅದರೊಳಗೆ ನಮ್ಮ ಅಕ್ಕನಿಗೆ ಏನಾಯಿತು ಎಂಬುದನ್ನು ನಿಮಗೆ ಹೇಳುತ್ತೇನೆ. ನಾನು ಕಣ್ಣಾರೆ ಕಂಡದ್ದನ್ನು ಕಂಡೆ ಎನ್ನುತ್ತೇನೆ. ಆಮೇಲೆ ದೊಡ್ಡವರಿಂದ ಕೇಳಿದ್ದನ್ನು ಕೇಳಿದೆ ಎನ್ನುತ್ತೇನೆ. ಎರಡನ್ನೂ ಬೆರೆಸುವುದಿಲ್ಲ.

ಶಿಗ್ಗಾಂವದಿಂದ ಹಿರೇಬೆಂಡಿಗೇರಿಯ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಊರು. ಮನೆ ಮಣ್ಣಿನ ಮಾಳಿಗೆಯದು. ಗೋಡೆಗಳು ಎಷ್ಟು ದಪ್ಪವೆಂದರೆ, ಅವುಗಳಲ್ಲಿ ಕೊರೆದ ಮಾಡದಲ್ಲಿ ನಾನು ಕಾಲು ಮಡಚಿಕೊಂಡು ಕುಳಿತರೆ ಹೊರಗಿನಿಂದ ಮೊಣಕಾಲು ಕೂಡ ಕಾಣುತ್ತಿರಲಿಲ್ಲ. ಪಡಸಾಲೆಗೆ ಬೆಳಕು ಬರುತ್ತಿದ್ದದ್ದು ಮಾಳಿಗೆಯಲ್ಲಿದ್ದ ಬೆಳಕಿಂಡಿಯಿಂದ. ಅದು ನೆಲದ ಮೇಲೆ ಒಂದು ದುಂಡನೆಯ ಬಿಸಿಲಿನ ರೊಟ್ಟಿಯಂತೆ ಬಿದ್ದು, ಹೊತ್ತು ಏರಿದಂತೆ ಮೆಲ್ಲಗೆ ಸರಿಯುತ್ತಿತ್ತು. ಅಡುಗೆಮನೆಯ ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿದ ಅಡಕಲ ಗಡಿಗೆಗಳಿದ್ದವು. ಅವುಗಳ ಪಕ್ಕದ ಕತ್ತಲಲ್ಲಿ ಒಂದು ಗಿಡ್ಡ ಬಾಗಿಲು. ಅದು ಅಪ್ಪನ ತಮ್ಮ, ನಮ್ಮ ಕಾಕಾನ ಮನೆಯ ಅಡುಗೆಮನೆಗೆ ತೆರೆಯುತ್ತಿತ್ತು. ಹೆಂಗಸರು ಬೀದಿಗೆ ಇಳಿಯದೆ ಕೆಂಡ, ಹೆಪ್ಪು, ಕಾರಬ್ಯಾಳಿಯ ಬಟ್ಟಲು, ಸುದ್ದಿ ಎಲ್ಲವನ್ನೂ ಅಲ್ಲಿಂದಲೇ ಸಾಗಿಸುತ್ತಿದ್ದರು. ಗಂಡಸರು ಆ ಬಾಗಿಲು ಇರುವುದನ್ನೇ ಮರೆತಂತಿದ್ದರು.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಮುಚ್ಚಿದ್ದು ಏನೇ ಕಂಡರೂ ಅವಳಿಗೆ ತೆರೆದು ನೋಡಬೇಕು. ಅವ್ವನ ಟ್ರಂಕು, ಹೆಪ್ಪಿಟ್ಟ ಗಡಿಗೆ, ಹೊಸ ಸಾಬೂನಿನ ಕಾಗದ ಯಾವುದನ್ನೂ ಬಿಡುತ್ತಿರಲಿಲ್ಲ. ಪಡಸಾಲೆಯ ಒಂದು ಕಡೆ ನೆಲ ಬೇರೆ ಥರ ಸಪ್ಪಳ ಮಾಡುತ್ತದೆ ಎಂದು ಮೊದಲು ಕಂಡುಹಿಡಿದವಳು ಅವಳೇ. ಉಳಿದ ಕಡೆ ಹಿಮ್ಮಡಿಯಿಂದ ಗುದ್ದಿದರೆ ‘ದಪ್’ ಎನ್ನುತ್ತಿತ್ತು. ಕಂಬದ ಹತ್ತಿರ ಜೋಳದ ಚೀಲಗಳನ್ನು ಇಡುವ ಜಾಗದಲ್ಲಿ ಮಾತ್ರ ‘ಡಂವ್’ ಎನ್ನುತ್ತಿತ್ತು, ಯಾರೋ ಕೆಳಗಿನಿಂದ ಓಗೊಟ್ಟ ಹಾಗೆ. ನಾನು ಕಿವಿ ಹಚ್ಚಿ ಮಲಗುತ್ತಿದ್ದೆ, ಅಕ್ಕ ಗುದ್ದುತ್ತಿದ್ದಳು. ಮನೆಯ ನೆಲವನ್ನೆಲ್ಲ ಅವ್ವ ಸೆಗಣಿಯಿಂದ ಸಾರಿಸುತ್ತಿದ್ದಳು. ಆ ಜಾಗವನ್ನು ಮಾತ್ರ ಅಜ್ಜಿ ಸೊಂಟ ನೋಯುತ್ತಿದ್ದರೂ ತಾನೇ ಕುಳಿತು ಸಾರಿಸುತ್ತಿದ್ದಳು.

ಅಲ್ಲಿ ಏನಿದೆ ಎಂದು ಕೇಳಿದರೆ ಅಜ್ಜಿ ಮೊದಮೊದಲು ಗುಮ್ಮ ಇದ್ದಾನೆ ಎಂದಳು. ಅಕ್ಕ ಗುಮ್ಮನಿಗೆ ಹೆದರುವ ವಯಸ್ಸು ದಾಟಿದ್ದಳು. ಬಿಡದೆ ಕೇಳಿದಾಗ ಒಂದು ದಿನ ಅಜ್ಜಿ ಸಿಟ್ಟಿಲ್ಲದೆ, ಸಹಜವಾಗಿ ಹೇಳಿದಳು: “ಕೊಟ್ಟ ಮನಿಗೆ ಹೋಗಾವ್ರು ನೀವು. ಈ ಮನಿ ನೆಲದ ಸುದ್ದಿ ನಿಮಗ್ಯಾಕವಾ?”

ಅದು ನಮ್ಮ ಮನೆತನದ ರೂಢಿ. ದೊಡ್ಡವಳಾದ ಮೇಲೆ ನನಗೆ ತಿಳಿದದ್ದು ಇಷ್ಟು. ಕಾಳು ತುಂಬಿಡುವ ನೆಲದೊಳಗಿನ ಕುಣಿಗೆ ನಮ್ಮ ಕಡೆ ಹಗೇವು ಎನ್ನುತ್ತಾರೆ. ಅಂಗಳದಲ್ಲಿ ಎಲ್ಲರಿಗೂ ಗೊತ್ತಿರುವ ಹಗೇವು ಒಂದಿತ್ತು. ಹಿಂದೆ ಕಳ್ಳರ, ದಂಡಿನ ಕಾಟ ಇದ್ದ ಕಾಲದಲ್ಲಿ ಅದರ ಕಾಳು ಹೋದರೂ ಮನೆಮಂದಿಯ ಹೊಟ್ಟೆಗೆ, ಬೀಜಕ್ಕೆ ಇರಲೆಂದು ಹಿರಿಯರು ಪಡಸಾಲೆಯ ಕೆಳಗೆ ಇನ್ನೊಂದನ್ನು ತೋಡಿಸಿದ್ದರು. ಬಾಯಿಗೆ ಚಪ್ಪಡಿ ಕಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿ, ಸಾರಿಸಿಬಿಟ್ಟರೆ ಅದರ ಮೇಲೆ ನಡೆದಾಡಿದವರಿಗೂ ಗೊತ್ತಾಗದು. ಆ ಜಾಗವನ್ನು ಮನೆಯ ಗಂಡುಮಕ್ಕಳಿಗೆ ಮಾತ್ರ ತೋರಿಸುತ್ತಿದ್ದರು. ಅದನ್ನು ಸಾರಿಸಿ ಕಾಯುವ ಹಿರಿಯ ಹೆಂಗಸಿಗೆ ಒಬ್ಬಳಿಗೆ ಗೊತ್ತಿರುತ್ತಿತ್ತು. ಹೆಣ್ಣುಮಕ್ಕಳು ಬೇರೆ ಮನೆ ಸೇರುವವರು, ಅವರ ಜೊತೆ ಗುಟ್ಟೂ ಹೋಗುತ್ತದೆ ಎಂಬ ಅಂಜಿಕೆ. ಕಳ್ಳರೂ ದಂಡೂ ಯಾವಾಗಲೋ ಹೋಗಿದ್ದರು. ರೂಢಿ ಉಳಿದಿತ್ತು.

ಬೇಸಿಗೆ ಸೂಟಿಯ ಒಂದು ಮುಂಜಾನೆ ಅಪ್ಪ ನಮ್ಮಿಬ್ಬರನ್ನೂ ತೋಟದ ಬಾವಿಯ ಹತ್ತಿರ ಕುಂಬಳಕಾಯಿ ತರಲು ಕಳಿಸಿದ. ಮನೆಯಲ್ಲಿ ಕುಂಬಳಕಾಯಿ ಇತ್ತು. ಅದು ನನಗೆ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು. ಬಾವಿಯ ಹತ್ತಿರ ಕಾಕಾನ ಮಗ ಎಮ್ಮೆಗೆ ನೀರು ಕುಡಿಸುತ್ತಿದ್ದ. ಅಕ್ಕನಿಗಿಂತ ಸಣ್ಣವನು, ನಾವು ಅವನನ್ನು ತಮ್ಮ ಎನ್ನುತ್ತಿದ್ದೆವು. ನಮ್ಮನ್ನು ನೋಡಿದ್ದೇ ತಡ, ನಗಲಿಕ್ಕೆ ಶುರುಮಾಡಿದ.

“ಹೊರಗ ಹಾಕಿದ್ರೇನ ನಿಮ್ಮನ್ನ? ಇವತ್ತ ಒಳಗಿನ ಹಗೇವು ತಗದಾರ. ನನಗ ಜಾಗಾ ಹೋದ ವರ್ಸನ ತೋರಿಸ್ಯಾರ.”

“ಏನೈತಿ ಅದರಾಗ?” ಎಂದಳು ಅಕ್ಕ.

“ನಿನಗ್ಯಾಕ ಹೇಳ್ಲಿ? ನಾಳೆ ಇಳೀತಾರ, ಗಂಡಸ್ರು ಅಷ್ಟ.”

ಇವತ್ತು ತೆಗೆದು ನಾಳೆ ಯಾಕೆ ಇಳಿಯಬೇಕು ಎಂದು ಅಕ್ಕ ಕೇಳಿದಳು. ಅವನು ಎಮ್ಮೆಯ ಬೆನ್ನಿಗೆ ನೀರು ಚಿಮುಕಿಸುತ್ತ ನಿಂತ. ಅವನಿಗೆ ಅದು ಗೊತ್ತಿತ್ತೋ ಇಲ್ಲವೋ ನಾನು ಹೇಳಲಾರೆ. ಆದರೆ ಅವತ್ತು ಎಲ್ಲವೂ ನಿಂತಿದ್ದದ್ದು ಅವಳ ಆ ಪ್ರಶ್ನೆಯ ಮೇಲೆ ಎಂದು ನನಗೆ ಈಗಲೂ ಅನಿಸುತ್ತದೆ.

ನಾವು ಮರಳಿದಾಗ ನಡುಹಗಲು. ಅಪ್ಪ ಹಿತ್ತಲಿನ ಕೊಟ್ಟಿಗೆಯಲ್ಲಿ ಹೊಲ ಉಳುವ ಗಳೆ ಸರಿಮಾಡುತ್ತಿದ್ದ. ಅಜ್ಜಿ ಕಾಕಾನ ಮನೆಯಲ್ಲಿ ಮಲಗಿದ್ದಳು. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಪಡಸಾಲೆಯ ಬಾಗಿಲು ಮುಚ್ಚಿ ಹೊರಗಿನಿಂದ ಚಿಲಕ ಹಾಕಿತ್ತು. ಅಕ್ಕನಿಗೆ ಅದು ಎಟುಕುತ್ತಿತ್ತು.

ಒಳಗೆ ಚೀಲಗಳನ್ನು ಬದಿಗೆ ಸರಿಸಿದ್ದರು. ಅಗೆದ ಮಣ್ಣು ಒಂದು ಕಡೆ ಗುಪ್ಪೆಯಾಗಿತ್ತು. ಚಪ್ಪಡಿ ಅರ್ಧ ಸರಿದಿತ್ತು, ಬಾಯಿಯ ಮೇಲೆ ಗೋಣಿತಾಟು ಹೊದಿಸಿತ್ತು. ಕಂಬಕ್ಕೆ ಕಟ್ಟಿದ ಹಗ್ಗದ ಸಿಂಬೆ ಪಕ್ಕದಲ್ಲೇ ಇತ್ತು. ಅಕ್ಕ ತಾಟು ಎತ್ತಿದಳು. ಬಿಸಿಲಿಗೆ ಇಟ್ಟ ಹಿಟ್ಟಿನ ಗಡಿಗೆಯ ಬಾಯಿ ತೆರೆದಂತೆ, ಕಮಟು, ಹುಳಿ, ಒಣಹುಲ್ಲು ಮೂರೂ ಸೇರಿದ ವಾಸನೆ ಬಿಸಿಯಾಗಿ ಮುಖಕ್ಕೆ ಬಡಿಯಿತು. ನಾವಿಬ್ಬರೂ ಹೊಟ್ಟೆಯ ಮೇಲೆ ಮಲಗಿ ಇಣುಕಿದೆವು. ಬಾಯಿ ಒಬ್ಬರು ಇಳಿಯುವಷ್ಟು ಮಾತ್ರ ಕಿರಿದು. ಒಳಗೆ ಹೋದಂತೆ ಅದು ನೀರು ತುಂಬಿಡುವ ದೊಡ್ಡ ಹರವಿಯ ಹಾಗೆ ಉಬ್ಬಿತ್ತು. ಸುತ್ತಲೂ ಗೋಡೆಗೆ ಹುಲ್ಲಿನ ಅಸ್ತರು. ಕಾಳು ಅರ್ಧಕ್ಕೆ ನಿಂತಿತ್ತು, ಅಕ್ಕ ಕೈ ಎತ್ತಿ ನಿಂತರೆ ಬಾಯಿಗೆ ಮುಟ್ಟಬಹುದು ಎನಿಸುವಷ್ಟು ಆಳದಲ್ಲಿ. ನಮ್ಮ ಮನೆಯೊಳಗೆ ಇನ್ನೊಂದು ಮನೆ ಇದೆ, ಅದಕ್ಕೆ ಕಿಟಕಿಯಿಲ್ಲ, ಅದರ ಬಾಗಿಲು ಆಕಾಶದ ಕಡೆ ಇದೆ ಎಂದು ನನಗೆ ಎಷ್ಟು ಅಚ್ಚರಿಯಾಯಿತೆಂದರೆ ಅಂಜಿಕೆಯೇ ಹುಟ್ಟಲಿಲ್ಲ.

ಅಕ್ಕ ಲಂಗವನ್ನು ಮೇಲೆ ಕಟ್ಟಿ, ಹಗ್ಗ ಹಿಡಿದು ಇಳಿದಳು. ಅವಳ ಕಾಲು ಕಾಳಿನಲ್ಲಿ ಹೂತ ಸಪ್ಪಳ ಕೇಳಿತು.

“ಒಳಗ ಬಿಸಿ ಐತಿ,” ಎಂದಳು. ದನಿ ಗಡಿಗೆಯೊಳಗಿನಿಂದ ಬಂದಂತಿತ್ತು. ಸ್ವಲ್ಪ ಹೊತ್ತು ಕೈಯಿಂದ ಕಾಳು ಕೆದರಿದಳು. ಬಂಗಾರವೋ ಬೆಳ್ಳಿಯೋ ಇರಬೇಕು ಎಂದು ಅವಳು ಲೆಕ್ಕ ಹಾಕಿದ್ದಳು. “ಬರೇ ಜ್ವಾಳ,” ಎಂದು ನಕ್ಕಳು. ಆಮೇಲೆ ಮಾತಾಡಲಿಲ್ಲ. ನಾನು ಕರೆದೆ. ಉತ್ತರ ತಡವಾಗಿ ಬಂತು.

“ನಿದ್ದಿ ಬರಾಕತ್ತೈತಿ.”

ಬೆಳಕಿಂಡಿಯಿಂದ ಬಂದ ಸ್ವಲ್ಪ ಬೆಳಕಿನಲ್ಲಿ ಅವಳು ಕಾಳಿನ ಮೇಲೆ ಕುಳಿತದ್ದನ್ನು ನಾನು ನೋಡಿದೆ. ಬೀಳಲಿಲ್ಲ, ಕುಳಿತಳು. ದಣಿದವರು ಕಟ್ಟೆಯ ಮೇಲೆ ಕುಳಿತ ಹಾಗೆ. ತಲೆ ಹುಲ್ಲಿಗೆ ವಾಲಿತು. ಹೆಸರು ಹಿಡಿದು ಕೂಗಿದರೂ ಅಲುಗಲಿಲ್ಲ. ನಾನು ಅವ್ವಾ ಎಂದು ಚೀರಿ, ಅವಳನ್ನು ಎಬ್ಬಿಸಲು ಹಗ್ಗ ಹಿಡಿದು ಒಂದು ಕಾಲನ್ನು ಒಳಗೆ ಇಳಿಬಿಟ್ಟೆ.

ಅವ್ವ ಹಿಟ್ಟಿನ ಕೈಯಲ್ಲೇ ಬಂದಳು. ನನ್ನ ರಟ್ಟೆ ಹಿಡಿದು ಎಳೆದ ರಭಸಕ್ಕೆ ನಾನು ಮಣ್ಣಿನ ಗುಪ್ಪೆಯ ಮೇಲೆ ಬಿದ್ದೆ. ಅವ್ವನ ತವರು ಸವಣೂರು. ಅಲ್ಲಿ ಅವರ ಅಂಗಳದ ಹಗೇವು ಗುಟ್ಟಿನದಲ್ಲ, ಹುಡುಗರು ಹುಡುಗಿಯರು ಎಲ್ಲರ ಎದುರಿಗೇ ತೆಗೆಯುತ್ತಿದ್ದರಂತೆ. ಅದರ ಝಳ ಎಂಥದ್ದು ಎಂದು ಅವಳಿಗೆ ಗೊತ್ತಿತ್ತು. ವರ್ಷಗಟ್ಟಲೆ ಮುಚ್ಚಿದ ಕಾಳಿನ ಕುಣಿಯಲ್ಲಿ ಉಸಿರಾಡುವ ಗಾಳಿ ಉಳಿದಿರುವುದಿಲ್ಲ. ತೆರೆದ ಮೇಲೆ ಒಂದು ದಿನ ಬಿಟ್ಟು, ಕಂದೀಲು ಇಳಿಸಿ ನೋಡಿ, ಅದು ಉರಿಯುತ್ತಿದ್ದರೆ ಮಾತ್ರ ಇಳಿಯಬೇಕು. ತಮ್ಮ ಹೇಳಿದ ‘ನಾಳೆ’ ಅದೇ ಆಗಿತ್ತು.

ಅವ್ವ ಒಳಗೆ ಇಳಿಯಲಿಲ್ಲ. ತಾಯಿಯಾಗಿ ಹಾಗೆ ಇಳಿಯದೆ ನಿಲ್ಲುವುದು ಎಷ್ಟು ಕಷ್ಟ ಎಂಬುದು ನನಗೆ ನಾನು ತಾಯಿಯಾದ ಮೇಲೆ ತಿಳಿಯಿತು. ಅವಳು ಹಿತ್ತಲಿನ ಕಡೆ ಒಮ್ಮೆ ಅಪ್ಪನನ್ನು ಕೂಗಿದಳು. ನನಗೆ ಗಿಡ್ಡ ಬಾಗಿಲಿನಿಂದ ಕಾಕಾನನ್ನು ಕರೆ ಎಂದಳು. ನಾನು ಓಡಿ ಬಾಗಿಲು ಬಡಿದು ಮರಳುವಷ್ಟರಲ್ಲಿ ಅವ್ವ ಕಂಬಳಿಯ ಎರಡು ತುದಿ ಹಿಡಿದು ಅದನ್ನು ಹಗೇವಿನೊಳಗೆ ಇಳಿಸಿ, ಜಗ್ಗಿ, ಮತ್ತೆ ಇಳಿಸುತ್ತಿದ್ದಳು. ಮೇಲಿನ ಗಾಳಿಯನ್ನು ಕೆಳಗೆ ತಳ್ಳುವುದಕ್ಕೆ. ಒಂದೇ ಸಮ, ಅಳದೆ, ಬಾಯಿ ಬಿಗಿಹಿಡಿದು.

ಅಪ್ಪ ಬಂದವನೇ ಸೊಂಟಕ್ಕೆ ಹಗ್ಗ ಸುತ್ತಿ ಅದರ ತುದಿಯನ್ನು ಗಿಡ್ಡ ಬಾಗಿಲಿನಿಂದ ಓಡಿಬಂದಿದ್ದ ಕಾಕಾನ ಕೈಗೆ ಕೊಟ್ಟ. “ನಾ ಕೈ ಎತ್ತಿದ ಕೂಡ್ಲೆ ಜಗ್ಗು,” ಎಂದು ಎದೆ ತುಂಬ ಉಸಿರು ಎಳೆದುಕೊಂಡು ಇಳಿದ. ಅವನು ಒಳಗೆ ಎಷ್ಟು ಹೊತ್ತು ಇದ್ದ ಎಂದು ನನಗೆ ಗೊತ್ತಿಲ್ಲ. ಮೊದಲು ಅಕ್ಕನ ಕೈಗಳು ಮೇಲೆ ಬಂದವು, ಅವ್ವ ಅವನ್ನು ಹಿಡಿದಳು. ಆಮೇಲೆ ಅಪ್ಪನ ಒಂದು ಕೈ. ಅವನ ಮುಖ ನೇರಳೆ ಬಣ್ಣಕ್ಕೆ ತಿರುಗಿತ್ತು.

ಅಕ್ಕನನ್ನು ಅಂಗಳದ ಬೇವಿನ ಮರದ ಕೆಳಗೆ ಮಲಗಿಸಿದರು. ತುಟಿ ಬಿಳಿಚಿತ್ತು. ಕೂದಲಲ್ಲಿ ಜೋಳದ ಕಾಳು ಸಿಕ್ಕಿಕೊಂಡಿದ್ದವು. ಮೇಲಿನಿಂದ ಬೇವಿನ ಹೂವು ಅವಳ ಮೇಲೆ ಉದುರುತ್ತಿದ್ದವು, ಯಾರೂ ಅವನ್ನು ಸರಿಸಲಿಲ್ಲ. ಎಲ್ಲರೂ ಅವಳ ಎದೆಯನ್ನೇ ನೋಡುತ್ತಿದ್ದೆವು. ಅದು ಒಮ್ಮೆ ಎದ್ದಿತು. ಬಹಳ ಹೊತ್ತಾದ ಮೇಲೆ ಇನ್ನೊಮ್ಮೆ. ಆಮೇಲೆ ಅವಳು ಕೆಮ್ಮಿ, ವಾಂತಿ ಮಾಡಿಕೊಂಡು, ಕಣ್ಣು ಬಿಟ್ಟಳು. ಎದುರಿಗೆ ಕಾಕಾನ ಮಗ ಎಮ್ಮೆಯ ಹಗ್ಗ ಹಿಡಿದು ಬಾಯಿ ತೆರೆದು ನಿಂತಿದ್ದ. ಅವನನ್ನು ನೋಡಿ ಅಕ್ಕ ಮೊದಲು ಹೇಳಿದ ಮಾತು, “ಏನೂ ಇಲ್ಲಲೇ ಅದರಾಗ. ಬರೇ ಜ್ವಾಳ.”

ಕಾಕಾ ನಕ್ಕುಬಿಟ್ಟ. ನಗುತ್ತ ನಗುತ್ತ ಅಳತೊಡಗಿದ.

ಸಂಜೆ ಅಜ್ಜಿ ಕಂಬಕ್ಕೆ ಒರಗಿ ಕುಳಿತಿದ್ದಳು. ಹೆಣ್ಣುಮಕ್ಕಳಿಗೆ ಹೇಳಬಾರದು ಎಂದು ತನ್ನ ಮಾವ ಹೇಳಿದ್ದರು, ತಾನು ಅದನ್ನು ನಡೆಸಿಕೊಂಡು ಬಂದೆ ಎಂದು ಯಾರೂ ಕೇಳದೆಯೇ ಹೇಳಿದಳು. ಅವ್ವ ಅಜ್ಜಿಗೆ ಎಂದೂ ಎದುರು ಮಾತಾಡಿದವಳಲ್ಲ. ಅವತ್ತೂ ದನಿ ಎತ್ತಲಿಲ್ಲ.

“ಜಾಗಾ ಹೇಳೂದು ಬ್ಯಾಡಾಗಿತ್ರಿ, ಅತ್ತಿ. ಒಳಗ ಹ್ವಾದ್ರ ಜೀವಾ ಹೋಗ್ತೈತಿ ಅಂತಾದ್ರೂ ಹೇಳಬೇಕಿತ್ತು.”

ಅಜ್ಜಿ ಹಗೇವಿನ ಕಡೆ ತಿರುಗಿ ಕುಳಿತಳು. ಆಮೇಲೆ ಅಪ್ಪನಿಗೆ ಕಂದೀಲು ಹಚ್ಚು ಎಂದಳು. ನಮ್ಮಿಬ್ಬರನ್ನೂ ಹತ್ತಿರ ಕರೆದು, ಅಕ್ಕನನ್ನು ತನ್ನ ತೊಡೆಗೆ ಒರಗಿಸಿಕೊಂಡು, ನೋಡ್ರಿ ಎಂದಳು. ಅಪ್ಪ ಹಗ್ಗಕ್ಕೆ ಕಟ್ಟಿದ ಕಂದೀಲನ್ನು ಮೆಲ್ಲಗೆ ಇಳಿಸಿದ. ಬಾಯಿಯ ಮಟ್ಟದಲ್ಲಿ ಅದು ಚೆನ್ನಾಗಿ ಉರಿಯುತ್ತಿತ್ತು. ಸ್ವಲ್ಪ ಕೆಳಗೆ ಹೋದಾಗ ಉರಿ ಗಿಡ್ಡದಾಯಿತು. ಇನ್ನೂ ಕೆಳಗೆ ಕೆಂಪಗಾಗಿ ಬತ್ತಿಗೆ ಅಂಟಿಕೊಂಡಿತು. ಅಕ್ಕ ಕುಳಿತಿದ್ದ ಮಟ್ಟಕ್ಕೆ ಬಂದಾಗ ಇಲ್ಲವಾಯಿತು. ಗಾಳಿ ಬೀಸಿರಲಿಲ್ಲ. ಯಾರೂ ಊದಿರಲಿಲ್ಲ. ಅಕ್ಕ ನನ್ನ ಕೈಯನ್ನು ಹಿಡಿದುಕೊಂಡಳು. ಅಜ್ಜಿ ಮತ್ತೊಮ್ಮೆ ಹಚ್ಚಿ ಇಳಿಸಲು ಹೇಳಿದಳು, ನಮಗೆ ಮನದಟ್ಟಾಗಲೆಂದು. ಆಗಲೂ ಹಾಗೆಯೇ ಆಯಿತು. ಆಮೇಲೆ ಆ ಹಗೇವು ಯಾವಾಗ ತೋಡಿದ್ದು, ಹುಲ್ಲು ಹೇಗೆ ಹೊಂದಿಸುತ್ತಾರೆ, ಮಣ್ಣು ಹೇಗೆ ಮೆತ್ತುತ್ತಾರೆ ಎಂದು ಅಕ್ಕ ಒಂದೊಂದಾಗಿ ಕೇಳಿದಳು. ಅಜ್ಜಿ ಎಲ್ಲದಕ್ಕೂ ಉತ್ತರ ಕೊಟ್ಟಳು.

ಮುಂದೆ ಅಕ್ಕನನ್ನು ಹಿರೇಕೆರೂರಿನ ಕಡೆ ಕೊಟ್ಟರು. ಮದುವೆಯಾಗಿ ಹೋದ ಹೊಸದರಲ್ಲೇ ಅವಳು ಅತ್ತೆಯನ್ನು, “ನಿಮ್ಮ ಹಗೇವು ಎಲ್ಲೈತ್ರಿ?” ಎಂದು ಕೇಳಿದಳಂತೆ. ಅವರು ಗಾಬರಿಯಾಗಿ, ಎಂಥ ಸೊಸೆ ಬಂದಳಪ್ಪ ಎಂದುಕೊಂಡರಂತೆ. ಇದು ನಾನು ಕೇಳಿದ್ದು.

ಈಗ ಜೋಳವನ್ನು ಯಾರೂ ನೆಲದಲ್ಲಿ ಇಡುವುದಿಲ್ಲ. ಬೆಳೆದದ್ದು ನೇರ ಪೇಟೆಗೆ ಹೋಗುತ್ತದೆ, ರೊಟ್ಟಿಯ ಹಿಟ್ಟು ಅಂಗಡಿಯಿಂದ ಬರುತ್ತದೆ. ಶಿಗ್ಗಾಂವದ ನಿಮ್ಮ ಮನೆಯ ಗೋಡೆಗಳು ಎಷ್ಟು ತೆಳುವೆಂದರೆ ಪಕ್ಕದ ಕೋಣೆಯಲ್ಲಿ ಮೊಬೈಲು ಗುಂಯ್ ಎಂದರೂ ನನಗೆ ಎಚ್ಚರವಾಗುತ್ತದೆ. ಬಾಗಿಲುಗಳೆಲ್ಲ ಎದುರಿಗೇ ಇವೆ, ಪ್ರತಿ ಕೋಣೆಗೂ ದೊಡ್ಡ ಕಿಟಕಿ ಇದೆ. ಬಚ್ಚಿಟ್ಟುಕೊಳ್ಳುವ ಆಟ ಆಡಲು ನಿಮಗೆ ಜಾಗವೇ ಸಿಗುವುದಿಲ್ಲ ಎಂದು ನೀವು ಗೊಣಗುವುದನ್ನು ಕೇಳಿದ್ದೇನೆ. ಆದರೂ ನಿಮ್ಮ ಮನೆಯ ಕೆಳಗೂ ಒಂದು ಕತ್ತಲ ಕೋಣೆ ಇದೆ. ಗಾಡಿ ನಿಲ್ಲಿಸುವಲ್ಲಿ ಕಬ್ಬಿಣದ ಮುಚ್ಚಳ ಹಾಕಿದ ನೀರಿನ ಸಂಪು.

ಮೊನ್ನೆ ಅದನ್ನು ತೊಳೆಸಲು ಮುಚ್ಚಳ ತೆಗೆದಾಗ ನಿಮ್ಮಪ್ಪ ನಿಮ್ಮಿಬ್ಬರನ್ನೂ ಮನೆಯೊಳಗೆ ಹೋಗಿ ಎಂದು ಗದರಿದ. ನಾನು ಬ್ಯಾಡ ಎಂದೆ. ಇಬ್ಬರನ್ನೂ ಕರೆದು, ಒಬ್ಬೊಬ್ಬರ ರಟ್ಟೆಯನ್ನು ಒಂದೊಂದು ಕೈಯಲ್ಲಿ ಹಿಡಿದು, ಬೇಕಾದಷ್ಟು ಹೊತ್ತು ನೋಡಿ ಎಂದೆ. ನೀವು ಕೂಗಿದಿರಿ, ಅದು ಓಗೊಟ್ಟಿತು. ಎಷ್ಟು ಆಳ, ಬಿದ್ದರೆ ಏನಾಗುತ್ತದೆ, ಒಳಗೆ ಉಸಿರು ಯಾಕೆ ಕಟ್ಟುತ್ತದೆ, ಯಾರಾದರೂ ಬಿದ್ದರೆ ಹಿಂದೆ ಹಾರದೆ ಯಾರನ್ನು ಕರೆಯಬೇಕು ಎಂದು ನೀವು ಕೇಳಿದಿರಿ, ನಾನು ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ನಿಮ್ಮಲ್ಲಿ ಸಣ್ಣವಳು ಕೊನೆಗೆ ಮುಖ ಎತ್ತಿ, “ಇಷ್ಟ ಏನಜ್ಜಿ?” ಎಂದಳು.

ಇಷ್ಟೇ ಎಂದೆ. ಇಬ್ಬರೂ ಎದ್ದು, ಮೊಣಕಾಲಿನ ದೂಳು ಕೊಡವಿಕೊಂಡು ಸೈಕಲ್ ಹತ್ತಿ ಹೋದಿರಿ. ಅದರ ಕಡೆ ಮತ್ತೆ ತಿರುಗಿ ಕೂಡ ನೋಡಲಿಲ್ಲ.